ಮೊದಲ ಕರಡು ಓದುಗರಿಗಲ್ಲ

ಕಾದಂಬರಿಯ ರಚನೆಯನ್ನು ಕುರಿತು ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ನಾಲ್ಕನ್ನು ಆಯ್ದು ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಿಮ್ಮ ಕಾದಂಬರಿಗಳಿಗೆ ಪ್ರೇರಣೆ ಎಲ್ಲಿಂದ ದೊರೆಯುತ್ತದೆ? ಕಂಡು ಕೇಳಿದ ಒಂದು ಘಟನೆ ಸಾಕಾಗುತ್ತದೆಯೇ?

ಉತ್ತರ: ಸಣ್ಣಕಥೆಗೆ ಸಾಕಾಗಬಹುದು, ಮುನ್ನೂರು ಪುಟಗಳ ಭಾರವನ್ನು ಒಂದು ಘಟನೆ ಹೊರಲಾರದು ಎಂಬುದು ನನ್ನ ಅನುಭವ. ಬಹಳ ಹಿಂದೆ ಸಾವಿನ ಮನೆಯೊಂದರಲ್ಲಿ, ನೆರೆದಿದ್ದವರಲ್ಲಿ ಯಾರಿಗೂ ಪರಿಚಯವಿದ್ದಂತೆ ಕಾಣದ ಹೆಂಗಸೊಬ್ಬರು ಗುಂಪಿನ ಹಿಂದೆ ಸ್ವಲ್ಪ ಹೊತ್ತು ನಿಂತಿದ್ದು, ಯಾರೊಡನೆಯೂ ಮಾತನಾಡದೆ ಹೊರಟುಹೋದುದನ್ನು ಕಂಡಿದ್ದೆ. ಅಂದು ಟಿಪ್ಪಣಿ ಪುಸ್ತಕದಲ್ಲಿ ಒಂದೇ ಸಾಲು ಬರೆದಿಟ್ಟೆ. ಆಕೆ ಯಾರಿರಬಹುದು ಎಂದು ಊಹಿಸುತ್ತ ಏಳು ವರ್ಷಗಳಲ್ಲಿ ಎರಡು ಬಾರಿ ಬರೆಯಲು ತೊಡಗಿದೆ. ಎರಡು ಬಾರಿಯೂ ಹತ್ತು ಪುಟ ದಾಟಲಿಲ್ಲ. ಆಕೆ ಯಾರೆಂಬುದು ಆ ಮನೆಯಲ್ಲಿ ಒಬ್ಬರಿಗಾದರೂ ತಿಳಿದಿರಬೇಕಲ್ಲವೇ, ತಿಳಿದೂ ಅವರೇಕೆ ಸುಮ್ಮನಿದ್ದರು ಎಂಬ ಪ್ರಶ್ನೆ ಹುಟ್ಟಿದ ಮೇಲೆಯೇ ಕಾದಂಬರಿ ಮೈಪಡೆಯತೊಡಗಿತು. ಪ್ರೇರಣೆ ಎಂಬುದು ನನ್ನ ಪಾಲಿಗೆ ಹಲ್ಲಿನ ಸಂದಿಯಲ್ಲಿ ಸಿಕ್ಕಿಕೊಂಡ ಚೂರಿನಂತೆ. ಬೇಡವೆಂದರೂ ನಾಲಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿರುತ್ತದೆ.

ಪ್ರಶ್ನೆ: ಉದ್ಯೋಗದಲ್ಲಿರುವವರು ಕಾದಂಬರಿ ಬರೆಯಲು ಸಾಧ್ಯವೇ? ಪ್ರತಿದಿನ ಬರೆಯಲೇಬೇಕೇ?

ಉತ್ತರ: ಅಂಚೆ ಇಲಾಖೆಯ ಅಧಿಕಾರಿಯಾಗಿದ್ದ ಇಂಗ್ಲಿಷ್ ಕಾದಂಬರಿಕಾರ ಆಂಥನಿ ಟ್ರಾಲಪ್ ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕುಳಿತು, ಹಿಂದಿನ ದಿನ ಬರೆದುದನ್ನು ಅರ್ಧ ಗಂಟೆ ಓದಿ, ಆಮೇಲೆ ಗಡಿಯಾರವನ್ನು ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದಗಳ ಲೆಕ್ಕದಲ್ಲಿ ಬರೆಯುತ್ತಿದ್ದರು. ಅವರು ಬರೆದ ಕಾದಂಬರಿಗಳು ಒಟ್ಟು 47. ಅವರು ತೀರಿಕೊಂಡ ಮೇಲೆ 1883ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಈ ಲೆಕ್ಕಾಚಾರವನ್ನು ಓದಿ, ಕಲೆಯೆಂದರೆ ಇಷ್ಟೇನಾ ಎಂದು ಮೂಗು ಮುರಿದವರಿದ್ದರು. ಅತ್ತ ಫ್ರಾನ್ಸಿನ ಫ್ಲೋಬೇರ್ 1851ರಲ್ಲಿ ಆರಂಭಿಸಿದ ‘ಮದಾಂ ಬೋವರಿ’ ಕಾದಂಬರಿಗಾಗಿ ಒಂದೊಂದು ವಾಕ್ಯವನ್ನೂ ತೇಯುತ್ತ ಸುಮಾರು ಐದು ವರ್ಷ ದುಡಿದರು. ವೇಗ ಅವರವರಿಗೆ ಬಿಟ್ಟದ್ದು. ನಾನು ಟ್ರಾಲಪ್ಪರಿಂದ ಕಲಿತದ್ದು ಪದಗಳ ಲೆಕ್ಕವನ್ನಲ್ಲ, ಮೊದಲಿನ ಆ ಅರ್ಧ ಗಂಟೆಯನ್ನು. ನಿನ್ನೆಯ ಕೊನೆಯ ಪುಟವನ್ನು ತಿದ್ದುತ್ತಿರುವಾಗಲೇ ಕೈ ಇಂದಿನ ಪುಟಕ್ಕೆ ದಾಟಿರುತ್ತದೆ. ವಾರಕ್ಕೆ ಮೂರು ದಿನ ಮಾತ್ರ ಬಿಡುವು ಸಿಗುವುದಾದರೆ ಆ ಮೂರನ್ನು ಬಿಟ್ಟುಕೊಡಬೇಡಿ. ಹದಿನೈದು ದಿನ ದೂರವಿದ್ದು ಮರಳಿದರೆ ಪಾತ್ರಗಳ ದನಿಯನ್ನು ಮತ್ತೆ ಕಿವಿಗೆ ತಂದುಕೊಳ್ಳುವುದಕ್ಕೇ ಒಂದು ವಾರ ಹಿಡಿಯುತ್ತದೆ.

ಪ್ರಶ್ನೆ: ರಷ್ಯಾದ ಕಾದಂಬರಿಕಾರ ದಸ್ತಯೆವ್‌ಸ್ಕಿ 26 ದಿನಗಳಲ್ಲಿ ಕಾದಂಬರಿ ಮುಗಿಸಿದರೆಂದು ಓದಿದ್ದೇನೆ. ಹಾಗಾದರೆ ಇಷ್ಟೊಂದು ಸಿದ್ಧತೆ ಏಕೆ?

ಉತ್ತರ: ನಿಜ, 1866ರ ಅಕ್ಟೋಬರಿನಲ್ಲಿ ಅವರು ‘ಜೂಜುಕೋರ’ ಕಾದಂಬರಿಯನ್ನು ಅನ್ನಾ ಎಂಬ ಶೀಘ್ರಲಿಪಿಗಾರ್ತಿಗೆ ಹೇಳಿ ಬರೆಸಿ ಮುಗಿಸಿದರು. ನವೆಂಬರ್ 1ರೊಳಗೆ ಹಸ್ತಪ್ರತಿ ಕೊಡದಿದ್ದರೆ ಮುಂದಿನ ಒಂಬತ್ತು ವರ್ಷ ಅವರ ಬರಹಗಳನ್ನು ಸಂಭಾವನೆಯಿಲ್ಲದೆ ಅಚ್ಚು ಹಾಕಿಕೊಳ್ಳುವ ಹಕ್ಕು ಪ್ರಕಾಶಕರದಾಗುತ್ತಿತ್ತು. (ಮರುವರ್ಷ ಅವರು ಆ ಅನ್ನಾರನ್ನೇ ಮದುವೆಯಾದರು.) ಆದರೆ ಆ ಕಥೆಯ ಹೊಳಹು ಅವರಿಗೆ 1863ರಲ್ಲೇ ಬಂದಿತ್ತು, ಜೂಜಿನ ಗೀಳನ್ನಂತೂ ಅವರು ಸ್ವತಃ ಅನುಭವಿಸಿದ್ದರು. ಹೇಳಿ ಬರೆಸಿದ ದಿನಗಳನ್ನಷ್ಟೇ ಎಣಿಸಿ, ಅದಕ್ಕೂ ಹಿಂದಿನ ವರ್ಷಗಳನ್ನು ಬಿಟ್ಟರೆ ಲೆಕ್ಕ ತಪ್ಪುತ್ತದೆ.

ಪ್ರಶ್ನೆ: ಪಾತ್ರಗಳು ಲೇಖಕನ ಮಾತು ಕೇಳುವುದಿಲ್ಲವಂತೆ, ಹೌದೇ? ತಿದ್ದುವಾಗ ನೀವು ಏನನ್ನು ಗಮನಿಸುತ್ತೀರಿ?

ಉತ್ತರ: ನನ್ನ ಪಾತ್ರಗಳು ಈವರೆಗೆ ನನ್ನೊಡನೆ ಜಗಳವಾಡಿಲ್ಲ. ನೂರು ಪುಟ ಬರೆದ ಮೇಲೆ ಆ ವ್ಯಕ್ತಿ ನಮಗೆ ಚೆನ್ನಾಗಿ ತಿಳಿದಿರುವುದರಿಂದ, ಮೊದಲೇ ಯೋಚಿಸಿಟ್ಟ ನಡೆ ಸುಳ್ಳೆನಿಸತೊಡಗುತ್ತದೆ, ಅಷ್ಟೆ. ಹೀಗಾಗಿ ಮೊದಲ ಕರಡನ್ನು ನಾನು ಯಾರಿಗೂ ತೋರಿಸುವುದಿಲ್ಲ. ಕಥೆ ಯಾವುದರ ಬಗ್ಗೆ ಎಂಬುದನ್ನು ನಾನೇ ತಿಳಿದುಕೊಳ್ಳಲು ಬರೆದ ಕಾಗದವದು. ಒಂದೆರಡು ತಿಂಗಳು ಕಣ್ಣಿಗೆ ಬೀಳದಂತೆ ಇಟ್ಟು, ಆಮೇಲೆ ಗಟ್ಟಿಯಾಗಿ ಓದುತ್ತೇನೆ. ನಾಲಗೆ ತಡವರಿಸಿದ ಕಡೆ ವಾಕ್ಯ ಕೆಟ್ಟಿರುತ್ತದೆ, ಓದುತ್ತ ನನಗೇ ನಾಚಿಕೆಯೆನಿಸಿದ ಕಡೆ ಬಹುಮಟ್ಟಿಗೆ ಪಾತ್ರದ ಬಾಯಲ್ಲಿ ನಾನೇ ಮಾತನಾಡಿರುತ್ತೇನೆ. ಮೇಲೆ ಹೇಳಿದ ಕಾದಂಬರಿಯ ಮೊದಲ ಕರಡಿನಲ್ಲಿ ಆ ಹೆಂಗಸು ತನ್ನ ಇಡೀ ಬದುಕನ್ನು ಮೂರು ಅಧ್ಯಾಯಗಳಲ್ಲಿ ಹೇಳಿಕೊಂಡಿದ್ದರು. ನಾಲ್ಕನೆಯ ಕರಡಿನ ಹೊತ್ತಿಗೆ ಮೂರನ್ನೂ ತೆಗೆದುಹಾಕಿದೆ. ಅಚ್ಚಾದ ಪುಸ್ತಕದಲ್ಲಿ ಆಕೆ ಆಡುವುದು ಒಂದೇ ಮಾತು: ಬಾಗಿಲ ಬಳಿ ನಿಂತ ಹುಡುಗನನ್ನು, ದಾರಿ ಬಿಡಪ್ಪ ಎಂದು ಕೇಳುತ್ತಾರೆ.