ನೀಲಿ ಪಟ್ಟೆ ಜೇನಿನ ಹಿಂದೆ ಓಡಬೇಡಿ

ಸಿಡ್ನಿಯ ಹಿತ್ತಲಲ್ಲಿ ನೀಲಿ ಪಟ್ಟೆ ಜೇನಿನ ಫೋಟೋ ತೆಗೆದದ್ದೆಲ್ಲ ಮಸುಕು ಅಂದಿರಲ್ಲ ಸರ್, ತಪ್ಪು ಕ್ಯಾಮೆರಾದ್ದಲ್ಲ. ಹಗಲಲ್ಲಿ ಅದು ಒಂದು ಹೂವಿನ ಮೇಲೆ ನಿಲ್ಲೋದೇ ಇಲ್ಲ. ಸೂರ್ಯ ಇಳಿಯೋ ಹೊತ್ತಿಗೆ ಒಣಗಿದ ಕಡ್ಡಿಗಳನ್ನ ಹುಡುಕಿ. ಗಂಡು ಜೇನುಗಳು ಸಾಲಾಗಿ, ಕಡ್ಡಿಯನ್ನ ದವಡೆಯಲ್ಲಿ ಕಚ್ಚಿ ಹಿಡಿದು ಮಲಗಿರ್ತವೆ. ಕೆಲವು ಕಾಲನ್ನೂ ಬಿಟ್ಟು ಬರೀ ಬಾಯಲ್ಲೇ ನೇತಾಡ್ತವೆ! ಎಷ್ಟೋ ಸಲ ಮರುದಿನವೂ ಅದೇ ಕಡ್ಡಿಗೆ ಬರ್ತವೆ, ಜಾಗ ಗುರುತಿಟ್ಟುಕೊಳ್ಳಿ. ಬೆಳಗ್ಗೆ ಬಿಸಿಲು ಬೀಳೋ ಮುಂಚೆ ಮ್ಯಾಕ್ರೋ ಲೆನ್ಸ್ (ತೀರಾ ಹತ್ತಿರದಿಂದ ತೆಗೆಯೋದು), ಟ್ರೈಪಾಡ್, ಕಣ್ಣಿಗೆ ಫೋಕಸ್. ಇಬ್ಬನಿ ಬೇಕು ಅಂತ ನೀರು ಚಿಮುಕಿಸೋ ಚಾಳಿಯಂತೂ ಬೇಡವೇ ಬೇಡ. ಹಾರುವಾಗಲೇ ಬೇಕಾದ್ರೆ ಟೊಮೆಟೊ ಹೂವಿನ ಹತ್ತಿರ ಶಟರ್ ವೇಗ 1/2000 ಸೆಕೆಂಡಿಗೆ ಇಟ್ಟು ಕಾಯಿರಿ. ಹೆಣ್ಣು ಬಂದು ಹೂವನ್ನ ತಬ್ಬಿ ಗುಂಯ್ ಅಂತ ನಡುಗಿಸಿ ಪರಾಗ ಉದುರಿಸುತ್ತೆ. ಚಳಿಗಾಲ ಬಂತೋ, ಮುಂದಿನ ವಸಂತದವರೆಗೆ ಕಾಣೋದು ಅಪರೂಪ.