ಓ-ಯು-ಜಿ-ಎಚ್: ಬರೆಯುವುದು ಒಂದು, ಓದುವುದು ಹಲವು

ಪ್ರಶ್ನೆ: ನನ್ನ ಮಗ ಆರನೇ ಕ್ಲಾಸು. ಇಂಗ್ಲಿಷ್ ಪಾಠ ಓದುವಾಗ ‘ಥ್ರೂ’ ಅನ್ನುವ ಶಬ್ದವನ್ನು ‘ಥ್ರಫ್’ ಅಂತ ಓದಿದ್ದಾನೆ. ಇಡೀ ಕ್ಲಾಸು ನಕ್ಕಿತಂತೆ. “ಟಫ್ ಅನ್ನುವುದರ ಕೊನೆಯಲ್ಲೂ ಅದೇ ನಾಲ್ಕು ಅಕ್ಷರ ಉಂಟಲ್ಲ ಅಮ್ಮ, ಅದಕ್ಕೆ ಹಾಗೆ ಓದಿದೆ” ಅಂತಾನೆ. ನನಗೆ ಏನು ಹೇಳುವುದು ಅಂತ ಗೊತ್ತಾಗಲಿಲ್ಲ. ಇದಕ್ಕೆ ಏನಾದರೂ ರೂಲ್ ಉಂಟಾ?
– ಓದುಗರು, ಕಾಪು

ಉತ್ತರ: ಮೊದಲು ಮಗನನ್ನು ಹತ್ತಿರ ಕೂರಿಸಿಕೊಂಡು ಹೇಳಿ, ಅವನು ಯೋಚನೆ ಮಾಡಿಯೇ ಓದಿದ್ದಾನೆ. ಗೊತ್ತಿರುವ ಶಬ್ದವನ್ನು ಹಿಡಿದುಕೊಂಡು ಗೊತ್ತಿಲ್ಲದ್ದನ್ನು ಓದಲು ನೋಡಿದ. ಕಲಿಯುವುದು ಅಂದ್ರೆ ಅದೇ ಅಲ್ವಾ? ಇದರಲ್ಲಿ ನಗುವಂಥದ್ದು ಏನೂ ಇಲ್ಲ, ನನಗಂತೂ ಕೇಳಿ ಬೇಜಾರಾಯಿತು.

ರೂಲ್ ಇಲ್ಲ ಮಾರಾಯ್ರೆ. ಆದರೆ ಕಾರಣ ಉಂಟು. ಈ ನಾಲ್ಕು ಅಕ್ಷರದಲ್ಲಿ ಜಿ-ಎಚ್ ಸುಮ್ನೆ ಬಂದು ಸೇರಿದ್ದಲ್ಲ. ಹಿಂದೆ ಇಂಗ್ಲಿಷರು ಅದನ್ನು ಬಾಯಲ್ಲಿ ಹೇಳುತ್ತಿದ್ದರು, ಗಂಟಲಿನಿಂದ ಉಜ್ಜಿಕೊಂಡು ಬರುವ ‘ಖ್’ ಥರದ ಒಂದು ಸದ್ದು. ಜರ್ಮನ್ ಭಾಷೆಯಲ್ಲಿ ಅದು ಈಗಲೂ ಉಂಟು. ಇಂಗ್ಲಿಷಿನ ನೈಟ್ ಅವರಿಗೆ ನಾಖ್ಟ್, ಡಾಟರ್ ಅವರಿಗೆ ಟೊಖ್ಟರ್. ಮಂಗಳೂರಿನ ಬಾಸೆಲ್ ಮಿಶನ್ ಪ್ರೆಸ್ಸಿನಲ್ಲಿ 1894ರಲ್ಲಿ ಅಚ್ಚಾದ ಕನ್ನಡ-ಇಂಗ್ಲಿಷ್ ನಿಘಂಟು ಕಟ್ಟಿದ ಕಿಟ್ಟೆಲ್ ಜರ್ಮನಿಯಿಂದ ಬಂದವರು, ಅಂಥವರ ಬಾಯಲ್ಲಿ ಈ ಸದ್ದು ನಮ್ಮ ಊರಿನಲ್ಲೂ ಕೇಳಿರಬೇಕು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಅಚ್ಚುಕೂಟ ಹಾಕಿದ. ಅಲ್ಲಿಂದ ಮೇಲೆ ಸ್ಪೆಲಿಂಗ್ ನಿಧಾನಕ್ಕೆ ಗಟ್ಟಿಯಾಗುತ್ತಾ ಬಂತು, ಜನ ಮಾತಾಡುವ ರೀತಿ ಮಾತ್ರ ಬದಲಾಗುತ್ತಲೇ ಹೋಯಿತು. ಹಳೆಯ ಆ ಸದ್ದು ಕೆಲವು ಶಬ್ದಗಳಲ್ಲಿ ಪೂರ್ತಿ ಬಿದ್ದುಹೋಯಿತು, ಇನ್ನು ಕೆಲವದರಲ್ಲಿ ‘ಫ್’ ಆಯಿತು. ಬರಹ ಹಾಗೇ ಉಳಿಯಿತು.

ನಮ್ಮಲ್ಲೂ ಸದ್ದು ಬದಲಾಗಿದೆ, ನೋಡಿ. ಹಳಗನ್ನಡದ ಪುಲಿ ಹುಲಿಯಾಯಿತು, ಪೂ ಹೂವಾಯಿತು, ಪೊಸತು ಹೊಸತಾಯಿತು. ತುಳುವಿನಲ್ಲಿ ಆ ‘ಪ’ ಇನ್ನೂ ಉಂಟು, ನವರಾತ್ರಿಗೆ ನಿಮ್ಮ ಮಗ ನೋಡುವುದು ಪಿಲಿವೇಷ ತಾನೇ? ಆದರೆ ಕನ್ನಡದವರು ಬಾಯಲ್ಲಿ ‘ಹ’ ಬಂದ ಮೇಲೆ ಬರೆಯುವುದನ್ನೂ ‘ಹ’ ಮಾಡಿಕೊಂಡರು. ಇಂಗ್ಲಿಷಿನವರದ್ದು ಪುಲಿ ಅಂತಲೇ ಬರೆದು ಹುಲಿ ಅಂತ ಓದುವ ಲೆಕ್ಕ. ಹೀಗೆ ಹೇಳಿದರೆ ಮಗುವಿಗೆ ಥಟ್ಟನೆ ಗೊತ್ತಾಗುತ್ತದೆ.

ಇನ್ನು ಕಲಿಯುವುದು ಹೇಗೆ? ಗುಂಪು ಮಾಡಿ ಕಲಿಯಲಿ. ‘ಫ್’ ಬರುವ ಗುಂಪು ಸಣ್ಣದು: ಟಫ್ ಅಂದರೆ ಗಟ್ಟಿ ಅಥವಾ ಕಷ್ಟ, ರಫ್ ಅಂದರೆ ಒರಟು, ಇನಫ್ ಅಂದರೆ ಸಾಕು, ಕಾಫ್ ಅಂದರೆ ಕೆಮ್ಮು. ‘ಓ’ ಅಂತ ಮುಗಿಯುವುದರಲ್ಲಿ ದೋ ಅಂದರೆ ಆದರೂ. ಡೋ ಅಂದರೆ ಕಲಸಿದ ಹಿಟ್ಟು, ಬನ್ಸಿಗೆ ಬಾಳೆಹಣ್ಣು ಹಾಕಿ ರಾತ್ರಿ ಕಲಸಿಡುತ್ತೀರಲ್ಲ, ಅದೇ. ಪ್ಲೌ ಅಂದರೆ ನೇಗಿಲು, ಬೌ ಅಂದರೆ ಮರದ ದೊಡ್ಡ ಕೊಂಬೆ. ಪ್ಲೌ ಅನ್ನು ಅಮೆರಿಕದವರು ಕೊನೆಗೆ ಓ-ಡಬ್ಲ್ಯೂ ಹಾಕಿ ಬರೆಯುತ್ತಾರೆ, ಅದೂ ತಪ್ಪಲ್ಲ. ‘ಊ’ ಅಂತ ಓದುವ ದಿನಬಳಕೆಯ ಶಬ್ದ ಥ್ರೂ ಒಂದೇ ಅಂದರೂ ಆದೀತು, ಮೂಲಕ ಅಂತ ಅರ್ಥ. ಅದಕ್ಕೇ ಮಕ್ಕಳು ಅಲ್ಲಿ ಜಾಸ್ತಿ ಎಡವುವುದು. ಅದರ ನಡುವೆ ಇನ್ನೊಂದು ಓ ಸೇರಿದರೆ ಥರೋ, ಅಂದರೆ ಪೂರ್ತಿಯಾಗಿ, ಏನೂ ಬಿಡದೆ. ಇವೆರಡನ್ನು ದೊಡ್ಡವರೂ ಅದಲು ಬದಲು ಮಾಡುತ್ತಾರೆ, ಆಫೀಸಿನ ಪತ್ರಗಳಲ್ಲಿ ನಾನೇ ಎಷ್ಟೋ ಸಲ ನೋಡಿದ್ದೇನೆ.

ಪ್ರಶ್ನೆ: ‘ಬಾಟ್’ ಮತ್ತು ‘ಬ್ರಾಟ್’ ನನಗೆ ಯಾವಾಗಲೂ ಗೊಂದಲ. ನೆನಪಿಟ್ಟುಕೊಳ್ಳಲು ಒಂದು ಉಪಾಯ ಹೇಳಿ.
– ಓದುಗರು, ಸುರತ್ಕಲ್

ಉತ್ತರ: ದಕ್ಕೆಯಲ್ಲಿ ಬಂಗುಡೆ ಕೊಂಡರೆ ಬಾಟ್. ಅದನ್ನು ಮನೆಗೆ ತಂದರೆ ಬ್ರಾಟ್. ತರುವುದು ಅನ್ನುವ ಬ್ರಿಂಗ್ ಶಬ್ದದಲ್ಲಿ ಆರ್ ಉಂಟು, ಹಾಗಾಗಿ ಬ್ರಾಟ್‌ನಲ್ಲೂ ಆರ್ ಉಂಟು. ಕೊಳ್ಳುವುದು ಅನ್ನುವ ಬೈ ಶಬ್ದದಲ್ಲಿ ಆರ್ ಇಲ್ಲ, ಬಾಟ್‌ನಲ್ಲೂ ಇಲ್ಲ. ಇದೇ ಸಾಲಿನಲ್ಲಿ ಥಾಟ್ ಅಂದರೆ ಯೋಚಿಸಿದ, ಫಾಟ್ ಅಂದರೆ ಹೋರಾಡಿದ. ಡ್ರೌಟ್ ಒಂದು ಬೇರೆ, ಬರಗಾಲ ಅಂತ ಅರ್ಥ. ಬರಹ ನೋಡಿ ಡ್ರಾಟ್ ಅಂತ ಓದಬೇಡಿ.

ಪ್ರಶ್ನೆ: ಮಳೆಗಾಲದಲ್ಲಿ ಟಿವಿಯವರು ಸಮುದ್ರದಲ್ಲಿ ‘ಟ್ರಫ್’ ಉಂಟಾಗಿದೆ ಅಂತಾರೆ. ಅದೂ ಇದೇ ಜಾತಿಯ ಶಬ್ದವಾ?
– ಓದುಗರು, ಮಲ್ಪೆ

ಉತ್ತರ: ಹೌದು. ಹೇಳುವಾಗ ಟ್ರಾಫ್ ಅನ್ನಬೇಕು, ಕಾಫ್ ಇದ್ದ ಹಾಗೆ. ಮೂಲ ಅರ್ಥ ದನಗಳಿಗೆ ನೀರು, ಹಿಂಡಿ ಹಾಕಿಡುವ ಉದ್ದದ ಬಾನಿ. ಗಾಳಿಯ ಒತ್ತಡ ಅಕ್ಕಪಕ್ಕಕ್ಕಿಂತ ಕಡಿಮೆ ಇರುವ ಉದ್ದದ ಪಟ್ಟಿಗೂ ಅದೇ ಹೆಸರು ಬಂತು, ಬಾನಿಯ ತಳದ ಹಾಗೆ ನಡುವೆ ತಗ್ಗು ಅಂತ. ನಮ್ಮ ಕರಾವಳಿಯುದ್ದಕ್ಕೂ ಅಂಥ ಪಟ್ಟಿ ಆದಾಗ ಸಮುದ್ರದ ಕಡೆಯಿಂದ ಹಸಿ ಗಾಳಿ ಜೋರಾಗಿ ನುಗ್ಗುತ್ತದೆ, ಘಟ್ಟಕ್ಕೆ ತಾಗಿ ಮೇಲೇರಿ ತಣ್ಣಗಾಗಿ ಧೋ ಅಂತ ಸುರಿಯುತ್ತದೆ. ಹಾಗಾಗಿ ಸುದ್ದಿಯಲ್ಲಿ ಈ ಶಬ್ದ ಕೇಳಿದ ದಿನ ದೋಣಿ ಇಳಿಸುವ ಮೊದಲು ಮುನ್ಸೂಚನೆಯನ್ನು ಪೂರ್ತಿ ಕೇಳಿಸಿಕೊಳ್ಳಿ.