ಕ್ಲಾಸ್ ಬರೆಯುವ ಮುಂಚೆ ಒಂದು ಲೆಕ್ಕ ಕೆಡಬೇಕು

ಪ್ರಶ್ನೆ: ಗದಗದಾಗ ಬಿಸಿಎ ಎರಡನೇ ವರ್ಷ ಓದಾಕತ್ತೀನ್ರಿ ಸರ್. ಕ್ಲಾಸ್ ಅಂದ್ರ ನಕ್ಷೆ, ಆಬ್ಜೆಕ್ಟ್ ಅಂದ್ರ ಆ ನಕ್ಷೆ ನೋಡಿ ಕಟ್ಟಿದ ಮನಿ ಅಂತ ಬಾಯಿಪಾಠ ಬರ್ತದ. ಎನ್‌ಕ್ಯಾಪ್ಸುಲೇಶನ್, ಇನ್‌ಹೆರಿಟೆನ್ಸ್, ಪಾಲಿಮಾರ್ಫಿಸಂ ಯಾವುದು ಕೇಳಿದ್ರೂ ಐದು ಮಾರ್ಕಿನ ಉತ್ತರ ಬರೀತೀನಿ. ಆದ್ರ ಲ್ಯಾಬಿನ್ಯಾಗ ಖಾಲಿ ಫೈಲ್ ತಗದು ಕುಂತ್ರ ಕೈ ಓಡಂಗಿಲ್ಲ. ಜಾವಾ ಮತ್ತ ಮೊದಲಿಂದ ಕಲೀಬೇಕಂದ್ರ ಎಲ್ಲಿಂದ ಹಿಡೀಲ್ರಿ?

ಉತ್ತರ: ಕ್ಲಾಸ್ ಯಾವ ತೊಂದರೆಗೆ ಪರಿಹಾರವಾಗಿ ಬಂತೋ ಆ ತೊಂದರೆಯನ್ನು ನೀನಿನ್ನೂ ಅನುಭವಿಸಿಲ್ಲ ತಂಗಿ. ಅದಕ್ಕೇ ಕೈ ಓಡುತ್ತಿಲ್ಲ. ಇದರಲ್ಲಿ ನಿನ್ನ ತಪ್ಪು ಕಡಿಮೆ. ಪುಸ್ತಕಗಳು ‘ಪ್ರಾಣಿ’ ಎಂಬ ಕ್ಲಾಸ್ ಕೊಟ್ಟು, ಅದರ ಕೆಳಗೆ ನಾಯಿ ಕೂಡಿಸಿ, ಅದರ ಕೈಲಿ ಬೊಗಳಿಸುತ್ತವೆ. ನಾಯಿ ಬೊಗಳುವ ಪ್ರೋಗ್ರಾಂ ಈವರೆಗೆ ಯಾರಿಗೂ ಬೇಕಾಗಿಲ್ಲ. ನಿಜವಾಗಿ ಯಾರಿಗಾದರೂ ಬೇಕಾಗುವ ಒಂದು ಲೆಕ್ಕ ತೆಗೆದುಕೋ. ನಮ್ಮ ಕಡೆ ಅಂಥ ಲೆಕ್ಕ ಬ್ಯಾಡಗಿ ಮಾರುಕಟ್ಟೆಯಲ್ಲೇ ಇದೆ. ಒಬ್ಬೊಬ್ಬ ರೈತನ ಮೆಣಸಿನಕಾಯಿ ಒಂದೊಂದು ಲಾಟು. ಲಾಟಿಗೆ ಒಂದು ತಳಿ, ಒಂದು ತೂಕ, ಟೆಂಡರಿನಲ್ಲಿ ಬಿದ್ದ ಒಂದು ದರ.

ಮೊದಲ ವಾರ ನಿನ್ನದೇ ಕ್ಲಾಸ್ ಅಂತ ಒಂದೂ ಬರೆಯಬೇಡ. ವೇರಿಯಬಲ್, ಇಫ್, ಫಾರ್ ಲೂಪ್, ಅರೇ (ಒಂದೇ ಬಗೆಯ ಮೌಲ್ಯಗಳ ಸಾಲು), ಒಂದೆರಡು ಮೆಥಡ್ (ಹೆಸರಿಟ್ಟು ಕರೆಯುವ ಕೆಲಸದ ತುಂಡು) ಸಾಕು. ಜಾವಾದಲ್ಲಿ ಪ್ರೋಗ್ರಾಂ ಶುರುವಾಗುವ ಮೇನ್ ಮೆಥಡ್ಡಿಗೂ ಹೊರಗೊಂದು ಕ್ಲಾಸಿನ ಕವಚ ಬೇಕಲ್ಲ ಎನ್ನಬಹುದು. 2025ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 25ರಿಂದ ಆ ಕವಚವಿಲ್ಲದೆ ಮೇನ್ ಒಂದನ್ನೇ ಬರೆದು ಓಡಿಸಬಹುದು. ಲ್ಯಾಬಿನಲ್ಲಿ ಹಳೆಯ ಜಾವಾ ಇದ್ದರೆ ಆ ಸಾಲುಗಳನ್ನು ಸದ್ಯಕ್ಕೆ ಅರ್ಥ ಕೇಳದೆ ಹೊಡೆದುಬಿಡು.

ಈಗ ಮೂರು ಅರೇ ಮಾಡು: ತಳಿ, ತೂಕ, ದರ. ಲೆಕ್ಕಕ್ಕೆಂದು ಹೀಗೆ ಹಿಡಿ: ಕಡ್ಡಿ 6 ಕ್ವಿಂಟಲ್, ಕ್ವಿಂಟಲಿಗೆ ದರ 30,000 ರೂಪಾಯಿ. ಡಬ್ಬಿ 4 ಕ್ವಿಂಟಲ್, 36,000. ಗುಂಟೂರು 9 ಕ್ವಿಂಟಲ್, 14,000. ಲೂಪ್ ಹಾಕಿ ಒಬ್ಬೊಬ್ಬರ ಮೊತ್ತ ಮುದ್ರಿಸಿದರೆ 1,80,000, 1,44,000, 1,26,000 ಬರುತ್ತದೆ. ಸರಿಯಾಗಿದೆ. ಇನ್ನು ಹೆಚ್ಚು ದರದ ಲಾಟು ಮೇಲೆ ಬರಲಿ ಎಂದು ದರದ ಅರೇಯನ್ನು ಇಳಿಕೆಯ ಕ್ರಮಕ್ಕೆ ತಾ, ಮತ್ತೆ ಅದೇ ಲೂಪ್ ಓಡಿಸು. ದರಗಳು ಜಾಗ ಬದಲಿಸಿದವು, ತಳಿಯೂ ತೂಕವೂ ಇದ್ದಲ್ಲೇ ಉಳಿದವು. ಕಡ್ಡಿಯವನಿಗೆ 36,000 ರೂಪಾಯಿ ಹೆಚ್ಚು, ಡಬ್ಬಿಯವನಿಗೆ 24,000 ಕಡಿಮೆ. ಪ್ರೋಗ್ರಾಂ ನಿಲ್ಲಲಿಲ್ಲ, ಒಂದು ಎರರೂ ತೋರಿಸಲಿಲ್ಲ. ತಪ್ಪು ಲೆಕ್ಕಪಟ್ಟಿಯನ್ನು ನೀಟಾಗಿ ಮುದ್ರಿಸಿ ಕೊಟ್ಟಿತು.

ಈ ಕೆಟ್ಟ ಲೆಕ್ಕವನ್ನು ಅಳಿಸಬೇಡ, ಸ್ವಲ್ಪ ಹೊತ್ತು ನೋಡು. ಜೊತೆಗೇ ಓಡಾಡಬೇಕಾದ ಮೂರು ಸಂಗತಿಗಳನ್ನು ನಾವು ಮೂರು ಕಡೆ ಇಟ್ಟೆವು. ಅವನ್ನು ಒಂದೇ ಕಡೆ ಹಿಡಿದಿಡುವ ‘ಲಾಟ್’ ಎಂಬ ಕ್ಲಾಸ್ ಈಗ ಬರೆ. ಆಬ್ಜೆಕ್ಟ್ ಹುಟ್ಟಿಸುವ ‘ನ್ಯೂ’ ಎಂಬ ಪದ ಹಾಕಿ ಮೂರು ಆಬ್ಜೆಕ್ಟ್ ಮಾಡಿ, ಆ ಲಾಟುಗಳನ್ನೇ ಒಂದು ಅರೇಯಲ್ಲಿಟ್ಟು ದರದ ಮೇಲೆ ಜೋಡಿಸು. ದರ ಎಲ್ಲಿ ಹೋದರೂ ತನ್ನ ತೂಕ, ತಳಿ ಕಟ್ಟಿಕೊಂಡೇ ಹೋಗುತ್ತದೆ. ಮೊತ್ತ ತೆಗೆಯುವ ಗುಣಾಕಾರವನ್ನೂ ಹೊರಗಿನ ಲೂಪಿನಿಂದ ಕಿತ್ತು ಲಾಟ್ ಒಳಗೆ ‘ಮೊತ್ತ’ ಎಂಬ ಮೆಥಡ್ ಮಾಡಿ ಇಡು. ಮುಂದೆ ಲೆಕ್ಕದ ರೀತಿ ಬದಲಾದರೆ ತಿದ್ದುವ ಜಾಗ ಒಂದೇ.

ಆಮೇಲೆ ತೂಕಕ್ಕೆ ಮೈನಸ್ ನಾಲ್ಕು ಕೊಟ್ಟು ನೋಡು. ಸುಮ್ಮನೆ ತೆಗೆದುಕೊಳ್ಳುತ್ತದೆ. ಹೊರಗಿನವರು ಮುಟ್ಟದಂತೆ ತಡೆಯುವ ಪ್ರೈವೇಟ್, ಆಬ್ಜೆಕ್ಟ್ ಹುಟ್ಟುವಾಗ ಓಡುವ ಕನ್‌ಸ್ಟ್ರಕ್ಟರ್ ಬೇಕಾಗುವುದು ಇಲ್ಲಿ. ತೂಕವನ್ನು ಪ್ರೈವೇಟ್ ಮಾಡಿ, ಸೊನ್ನೆ ಅಥವಾ ಅದಕ್ಕಿಂತ ಕಡಿಮೆ ಬಂದರೆ ಕನ್‌ಸ್ಟ್ರಕ್ಟರಿನಲ್ಲೇ ಎಕ್ಸೆಪ್ಶನ್ (ತಪ್ಪಿನ ಸೂಚನೆ) ಎಸೆದು ಆಬ್ಜೆಕ್ಟ್ ಹುಟ್ಟದಂತೆ ತಡೆ. ಎನ್‌ಕ್ಯಾಪ್ಸುಲೇಶನ್ ಎಂದು ಐದು ಮಾರ್ಕಿಗೆ ಬರೆಯುವುದು ಇದನ್ನೇ. ಲ್ಯಾಬ್ ರೆಕಾರ್ಡ್‌ಗಳಲ್ಲಿ ನಾನು ನೋಡುವ ಕ್ಲಾಸುಗಳಲ್ಲಿ ಎಲ್ಲ ಫೀಲ್ಡೂ (ತೂಕ, ದರದಂಥ ಒಳಗಿನ ಮಾಹಿತಿ) ಪ್ರೈವೇಟ್, ಆದರೆ ಪ್ರತಿಯೊಂದಕ್ಕೂ ಅದನ್ನು ಓದಿಕೊಡುವ ಗೆಟರ್, ಬದಲಿಸುವ ಸೆಟರ್ ಎರಡೂ. ಮುಂಬಾಗಿಲಿಗೆ ಕೀಲಿ, ಹಿತ್ತಲ ಬಾಗಿಲು ಹಾರು ಹೊಡೆದಂತೆ. ಯಾರೂ ಬದಲಿಸಬಾರದ ಫೀಲ್ಡಿಗೆ ಸೆಟರ್ ಬರೆಯಬೇಡ.

ಹೆಚ್ಚಿನವರು ಎಡವುವುದು ರೆಫರೆನ್ಸಿನಲ್ಲಿ, ಅಂದರೆ ಹೆಸರು ಆಬ್ಜೆಕ್ಟನ್ನು ತೋರಿಸುವ ಬಗೆಯಲ್ಲಿ. ‘ಅ’ ಎಂಬ ಹೆಸರಿನಲ್ಲಿ ಒಂದು ಲಾಟ್ ಮಾಡಿ, ಮುಂದಿನ ಸಾಲಿನಲ್ಲಿ ಬ = ಅ ಎಂದು ಬರೆದರೆ ಎರಡು ಲಾಟ್ ಆಗುವುದಿಲ್ಲ. ಲಾಟ್ ಒಂದೇ, ಹೆಸರು ಎರಡು. ಬ ಮೂಲಕ ದರ ಬದಲಿಸಿದರೆ ಅ ಕಡೆಯಿಂದ ನೋಡಿದಾಗಲೂ ಬದಲಾಗಿರುತ್ತದೆ. ಇದನ್ನು ಕಂಪ್ಯೂಟರ್ ಮುಚ್ಚಿ ಹಾಳೆಯ ಮೇಲೆ ಕಲಿ. ಆಬ್ಜೆಕ್ಟಿಗೆ ಒಂದು ಚೌಕ, ಹೆಸರಿನಿಂದ ಚೌಕಕ್ಕೆ ಬಾಣ. ಯಾವ ಚೌಕಕ್ಕೂ ಹೋಗದ ಬಾಣ ನಲ್. ಅದರ ಮೇಲೆ ಮೆಥಡ್ ಕರೆದರೆ ನಲ್ ಪಾಯಿಂಟರ್ ಎಕ್ಸೆಪ್ಶನ್. 1965ರಲ್ಲಿ ಈ ನಲ್ ಎಂಬುದನ್ನು ತಂದ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ ಅವರೇ 2009ರಲ್ಲಿ ಅದು ತಮ್ಮ ‘ನೂರು ಕೋಟಿ ಡಾಲರಿನ ತಪ್ಪು’ ಎಂದು ಹೇಳಿಕೊಂಡರು.

ಒಂದು ಕ್ಲಾಸಿನ ಗುಣಗಳನ್ನು ಇನ್ನೊಂದಕ್ಕೆ ಇಳಿಸುವ ಇನ್‌ಹೆರಿಟೆನ್ಸನ್ನು ಕಡೆಗೆ ಇಡು. ಪರೀಕ್ಷೆಯ ಅಭ್ಯಾಸ ಬಲದಿಂದ ನೀನು ‘ಮೆಣಸಿನಕಾಯಿ’ ಎಂಬ ಕ್ಲಾಸ್ ಮಾಡಿ, ಕಡ್ಡಿ, ಡಬ್ಬಿ, ಗುಂಟೂರು ಎಂದು ಮೂರು ಮಕ್ಕಳನ್ನು ಅದಕ್ಕೆ ಕೊಡಲು ಹೊರಡುತ್ತೀ. ಬೇಡ. ಕಡ್ಡಿ ನೀಳ, ಡಬ್ಬಿ ದುಂಡಗೆ ಎಂಬುದು ಅಡಿಗೆಯವರಿಗೆ ದೊಡ್ಡ ವ್ಯತ್ಯಾಸ, ಲೆಕ್ಕ ಬರೆಯುವವರಿಗೆ ಅಲ್ಲ. ಮೂರರ ಮೊತ್ತ ತೆಗೆಯುವುದೂ ತೂಕ ಗುಣಿಸು ದರ ಎಂದೇ. ಹೆಸರಷ್ಟೇ ಬೇರೆಯಾದರೆ ಅದೊಂದು ಫೀಲ್ಡ್. ಜಾವಾದಲ್ಲಿ ಈನಮ್ (ಇಂತಿಷ್ಟೇ ಹೆಸರುಗಳು ಎಂಬ ಪಟ್ಟಿ) ಮಾಡಿಟ್ಟರೆ ಇನ್ನೂ ಚೆಂದ. ನಡವಳಿಕೆ ಬೇರೆಯಾದಾಗ ಮಾತ್ರ ಬೇರೆ ಕ್ಲಾಸಿನ ಯೋಚನೆ. ಉದಾಹರಣೆಗೆ, ಲೆಕ್ಕಪಟ್ಟಿಯನ್ನು ಒಬ್ಬರಿಗೆ ಪ್ರಿಂಟ್ ಹೊಡೆದು ಕೊಡಬೇಕು, ಇನ್ನೊಬ್ಬರ ಮೊಬೈಲಿಗೆ ಮೆಸೇಜ್ ಕಳಿಸಬೇಕು. ಕೆಲಸ ಒಂದೇ, ಮಾಡುವ ರೀತಿ ಎರಡು. ‘ತಲುಪಿಸು’ ಎಂಬ ಒಂದೇ ಮೆಥಡ್ ಇರುವ ಇಂಟರ್‌ಫೇಸ್ (ಏನು ಮಾಡಬೇಕೆಂದಷ್ಟೇ ಹೇಳುವ ಕರಾರು) ಬರೆದು ಎರಡು ಕ್ಲಾಸುಗಳಲ್ಲಿ ಅದನ್ನು ಪೂರೈಸು. ಕರೆಯುವ ಪ್ರೋಗ್ರಾಂ ‘ನೀನು ಪ್ರಿಂಟರೋ ಮೊಬೈಲೋ’ ಎಂದು ಕೇಳುವುದೇ ಇಲ್ಲ, ತಲುಪಿಸು ಎನ್ನುತ್ತದೆ ಅಷ್ಟೆ. ಪಾಲಿಮಾರ್ಫಿಸಂ ಎಂಬ ಭಾರದ ಹೆಸರು ಇದಕ್ಕೇ.

ಇತಿಹಾಸವೂ ಇದೇ ಕ್ರಮದಲ್ಲಿ ನಡೆದಿದೆ. ನಾರ್ವೆಯ ಓಲೆ ಯೋಹಾನ್ ಡಾಲ್, ಕ್ರಿಸ್ಟೆನ್ ನ್ಯೂಗಾರ್ಡ್ ಇಬ್ಬರೂ 1960ರ ದಶಕದಲ್ಲಿ ಸಿಮುಲಾ ಭಾಷೆ ಕಟ್ಟಿದ್ದು ಸರದಿ ಸಾಲು, ಕಾಯುವಿಕೆ ಇರುವ ನಿಜ ಜಗತ್ತಿನ ವ್ಯವಹಾರಗಳನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ನೋಡಲಿಕ್ಕೆ. ಕ್ಲಾಸ್, ಆಬ್ಜೆಕ್ಟ್ ಬಂದದ್ದು ಆ ಕೆಲಸದ ಒತ್ತಡದಿಂದ. ಬ್ಯಾರ್ನೆ ಸ್ಟ್ರೌಸ್ಟ್ರಪ್ 1979ರಲ್ಲಿ ಆ ವಿಚಾರವನ್ನು ಸಿ ಭಾಷೆಗೆ ಕಟ್ಟಲು ಹೊರಟರು, ಅದು ಸಿ ಪ್ಲಸ್ ಪ್ಲಸ್ ಆಯಿತು. ಜೇಮ್ಸ್ ಗಾಸ್ಲಿಂಗ್ ತಂಡದ ಜಾವಾ 1995ರಲ್ಲಿ ಬಂತು. ಮೊದಲು ಕೆಲಸ, ಆಮೇಲೆ ವ್ಯಾಖ್ಯೆ.

ಪ್ರಶ್ನೆ: ರಾಣೇಬೆನ್ನೂರಿನಾಗ ಒಂದು ಅಂಗಡಿ ಲೆಕ್ಕ ನೋಡ್ಕೋತೀನ್ರಿ. ಬಿಕಾಂ, ಕನ್ನಡ ಮೀಡಿಯಂ. ರಾತ್ರಿ ಕುಂತು ಪ್ರೋಗ್ರಾಮಿಂಗ್ ಕಲೀಬೇಕಂತ ಆಸೆ. ಜಾವಾ ಹಿಡೀಲೋ ಪೈಥಾನ್ ಹಿಡೀಲೋ? ಇಂಗ್ಲಿಷ್ ಅಷ್ಟಕ್ಕಷ್ಟ. ಲ್ಯಾಪ್‌ಟಾಪ್ ಹಳೇದು, 4 ಜಿಬಿ ರ‍್ಯಾಮ್.

ಉತ್ತರ: ಅಂಗಡಿಯ ಎಕ್ಸೆಲ್ ಕೆಲಸ ಹಗುರ ಮಾಡಿಕೊಳ್ಳುವುದೇ ಗುರಿಯಾದರೆ ಪೈಥಾನ್. ಕೆಲಸ ಬದಲಿಸಿ ಸಾಫ್ಟ್‌ವೇರ್ ಕಡೆ ಹೋಗುವ ಮನಸ್ಸಿದ್ದರೆ ಜಾವಾ. ಎರಡನ್ನೂ ಒಟ್ಟಿಗೆ ಹಿಡಿಯಬೇಡಿ. ಆಬ್ಜೆಕ್ಟ್ ವಿಚಾರ ಕಲಿಯಲು ನನ್ನ ಒಲವು ಜಾವಾ ಕಡೆಗೆ. ಪೈಥಾನಿನಲ್ಲಿ ಫೀಲ್ಡಿನ ಹೆಸರಿನ ಮುಂದೆ ಅಂಡರ್‌ಸ್ಕೋರ್ ಹಾಕುವುದು ‘ದಯವಿಟ್ಟು ಮುಟ್ಟಬೇಡಿ’ ಎಂಬ ಕೋರಿಕೆ ಮಾತ್ರ, ಜಾವಾದ ಪ್ರೈವೇಟ್ ಕಂಪೈಲ್ ಹಂತದಲ್ಲೇ, ಅಂದರೆ ಪ್ರೋಗ್ರಾಂ ಓಡುವ ಮುಂಚೆಯೇ ತಡೆಯುತ್ತದೆ. ಕಲಿಯುವಾಗ ಬಿಗಿ ಇದ್ದರೆ ಒಳ್ಳೆಯದು.

ಇಂಗ್ಲಿಷಿನ ಚಿಂತೆ ಬಿಡಿ. ಜಾವಾದ ಕೀವರ್ಡುಗಳೇ ಐವತ್ತರ ಆಸುಪಾಸು, ಅವುಗಳಲ್ಲಿ ದಿನನಿತ್ಯ ಬೇಕಾಗುವವು ಇನ್ನೂ ಕಡಿಮೆ. ವೇರಿಯಬಲ್ ಹೆಸರುಗಳನ್ನು ಕನ್ನಡ ಲಿಪಿಯಲ್ಲಿ ಬರೆದರೂ ಜಾವಾ ಒಪ್ಪುತ್ತದೆ, ಬೇಕಿದ್ದರೆ ಮಾಡಿ ನೋಡಿ. ಕಷ್ಟ ಇರುವುದು ಎರರ್ ಓದುವಲ್ಲಿ. ಹತ್ತು ಎರರ್ ಬಂದರೆ ಮೇಲಿನದೊಂದನ್ನೇ ಓದಿ, ಅದರ ಸಾಲಿನ ಸಂಖ್ಯೆ ಹಿಡಿದು ಸರಿ ಮಾಡಿ, ಮತ್ತೆ ಕಂಪೈಲ್ ಕೊಡಿ. ಎಷ್ಟೋ ಸಲ ಉಳಿದವು ಅದರ ಬೆನ್ನಿಗೇ ಮಾಯ. ಲ್ಯಾಪ್‌ಟಾಪಿಗೆ ಜಾವಾ ಬರೆದು ಓಡಿಸಲು ಬೇಕಾದ ಓಪನ್ ಜೆಡಿಕೆ ಪುಕ್ಕಟೆ ಸಿಗುತ್ತದೆ, ಜೊತೆಗೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ನಂಥ ಸಾದಾ ಎಡಿಟರ್ ಇರಲಿ. ಬರೆಯುವ, ಓಡಿಸುವ ಸಲಕರಣೆ ಎಲ್ಲ ಒಂದರಲ್ಲೇ ಇರುವ ದೊಡ್ಡ ಐಡಿಇಗಳು 4 ಜಿಬಿಯಲ್ಲಿ ತೆವಳುತ್ತವೆ.

ನೀವು ಲೆಕ್ಕದವರಾದ್ದರಿಂದ ಒಂದು ಮಾತು. ದುಡ್ಡನ್ನು ಡಬಲ್ ಎಂಬ ದಶಮಾಂಶ ಟೈಪಿನಲ್ಲಿ ಇಡಬೇಡಿ. 0.1ಕ್ಕೆ 0.2 ಕೂಡಿಸಿ ಮುದ್ರಿಸಿದರೆ 0.30000000000000004 ಬರುತ್ತದೆ. ಕಂಪ್ಯೂಟರ್ ಎರಡರ ಘಾತದಲ್ಲಿ ಲೆಕ್ಕ ಇಡುವುದರಿಂದ 0.1 ಅದಕ್ಕೆ ಕರಾರುವಾಕ್ಕಾಗಿ ಕೂಡುವುದಿಲ್ಲ. ಪೈಸೆಯಲ್ಲಿ ಪೂರ್ಣಾಂಕವಾಗಿ ಇಡಿ, ಅದೂ ಇಂಟ್ ಎಂಬ ಸಣ್ಣ ಟೈಪ್ ಬೇಡ, ಇನ್ನೂ ದೊಡ್ಡ ಸಂಖ್ಯೆ ಹಿಡಿಯುವ ಲಾಂಗ್. ಇಂಟ್ ಹಿಡಿಯುವ ದೊಡ್ಡ ಸಂಖ್ಯೆ 2147483647. ಪೈಸೆ ಲೆಕ್ಕದಲ್ಲಿ 2.14 ಕೋಟಿ ರೂಪಾಯಿ ಚಿಲ್ಲರೆ ಆಯಿತು. ಅದನ್ನು ದಾಟಿದರೆ ಎರರ್ ಇಲ್ಲದೆ ಮೊತ್ತ ಮೈನಸ್ಸಿಗೆ ತಿರುಗುತ್ತದೆ. ವರ್ಷದ ವಹಿವಾಟು ಕೂಡಿಸುವಾಗ ನೆನಪಿರಲಿ.

ಪ್ರಶ್ನೆ: ಮಗ ಪಿಯುಸಿ ಮುಗಿಸ್ಯಾನ್ರಿ. ಹುಬ್ಬಳ್ಳ್ಯಾಗ ಮೂರು ತಿಂಗಳಿನ ಜಾವಾ ಕೋರ್ಸ್, ಕೆಲಸದ ಗ್ಯಾರಂಟಿ ಅಂತಾರ. ರೊಕ್ಕ ಕಟ್ಟಬಹುದೇನ್ರಿ? — ಹಾವೇರಿಯ ಒಬ್ಬ ತಂದೆ

ಉತ್ತರ: ಗ್ಯಾರಂಟಿ ಎಂದವರ ಹತ್ತಿರ ಅದನ್ನು ಬರಹದಲ್ಲಿ ಕೇಳಿ, ಕೊಟ್ಟರೆ ಷರತ್ತು ಓದಿ. ಅದಕ್ಕಿಂತ ಮುಖ್ಯವಾದ ಪ್ರಶ್ನೆ ಬೇರೆ: ಹುಡುಗ ಬರೆದ ಪ್ರೋಗ್ರಾಮನ್ನು ದಿನಾ ಯಾರು ನೋಡಿ ತಿದ್ದುತ್ತಾರೆ, ಒಂದು ಬ್ಯಾಚಿನಲ್ಲಿ ಎಷ್ಟು ಮಂದಿ? ಸ್ಲೈಡ್ ತೋರಿಸಿ ಕಳಿಸುವ ಜಾಗಕ್ಕೆ ರೊಕ್ಕ ಬೇಡ, ಅಷ್ಟು ಇಂಟರ್ನೆಟ್ಟಿನಲ್ಲಿ ಬಿಟ್ಟಿ ಇದೆ. ಕಟ್ಟುವ ಮುಂಚೆ ತಿಂಗಳೊಪ್ಪತ್ತು ಮನೆಯಲ್ಲೇ ಮೇಲಿನ ಲಾಟಿನ ಲೆಕ್ಕ ಬರೆಯಲಿ. ಚಾಟ್‌ಜಿಪಿಟಿ ಕೇಳಿ ಬರೆದನೋ ತಾನೇ ಬರೆದನೋ ಎಂದು ನೋಡಬೇಕಾದರೆ ಒಂದು ಸಾಲು ಅಳಿಸಿ, ಈಗ ಏನಾಗುತ್ತದೆ ಹೇಳು ಎನ್ನಿ. ನಿಮಗೆ ಜಾವಾ ಬರಬೇಕಿಲ್ಲ, ಅವನ ಮುಖ ನೋಡಿದರೆ ಸಾಕು.

ಪ್ರಶ್ನೆ: ಕೀಬೋರ್ಡಿನಿಂದ ಹೆಸರು ತಗೊಂಡು == ಹಾಕಿ ಹೋಲಿಸಿದ್ರ ಒಂದೇ ಹೆಸರಿದ್ರೂ ಫಾಲ್ಸ್ ಅಂತದ. ಪ್ರೋಗ್ರಾಮಿನೊಳಗ ನೇರ ಬರದು ಹೋಲಿಸಿದ್ರ ಟ್ರೂ ಅಂತದ. ಯಾಕ್ರಿ? — ಧಾರವಾಡದ ವಿದ್ಯಾರ್ಥಿ

ಉತ್ತರ: ಮೇಲೆ ಹೇಳಿದ ಬಾಣದ ಕಥೆಯೇ. == ನೋಡುವುದು ಎರಡು ಬಾಣಗಳೂ ಒಂದೇ ಚೌಕಕ್ಕೆ ಹೋಗಿವೆಯೇ ಎಂದು, ಚೌಕದೊಳಗೆ ಏನು ಬರೆದಿದೆ ಎಂದಲ್ಲ. ಪ್ರೋಗ್ರಾಮಿನಲ್ಲಿ ನೇರ ಬರೆದ ಒಂದೇ ತರಹದ ಸ್ಟ್ರಿಂಗುಗಳನ್ನು ಜಾವಾ ಒಂದೇ ಚೌಕದಲ್ಲಿ ಇಡುತ್ತದೆ, ಅದಕ್ಕೆ ಟ್ರೂ. ಕೀಬೋರ್ಡಿನಿಂದ ಬಂದದ್ದು ಹೊಸ ಚೌಕ. ಈಕ್ವಲ್ಸ್ ಮೆಥಡ್ ಬಳಸಿ.

ಹೆಸರು ಕನ್ನಡದಲ್ಲಿದ್ದರೆ ಈಕ್ವಲ್ಸ್ ಕೂಡ ಒಮ್ಮೊಮ್ಮೆ ಕೈಕೊಡುತ್ತದೆ. ‘ಕೊಟ್ರೇಶ’ ಎಂಬಲ್ಲಿನ ‘ಕೊ’ ನೋಡಿ. ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡಿನಲ್ಲಿ ಅದನ್ನು ಕ ಜೊತೆ ಒತ್ವದ ಒಂದೇ ಚಿಹ್ನೆಯಾಗಿ ಬರೆಯಬಹುದು, ಇಲ್ಲವೇ ಎತ್ವ ಮತ್ತು ಊತ್ವದ ಎರಡು ಚಿಹ್ನೆಗಳನ್ನು ಕೂಡಿಸಿ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ತರ ಕಾಣುತ್ತವೆ, ಜಾವಾಕ್ಕೆ ಮಾತ್ರ ಒಂದರ ಉದ್ದ 2, ಇನ್ನೊಂದರದು 3. ಹೋಲಿಸುವ ಮುಂಚೆ ಎರಡನ್ನೂ ಜಾವಾದ ನಾರ್ಮಲೈಜರ್ ಕ್ಲಾಸಿನಿಂದ ಎನ್‌ಎಫ್‌ಸಿ ಎಂಬ ಒಂದೇ ಕೂಡಿದ ರೂಪಕ್ಕೆ ತನ್ನಿ, ಹಿಂದೆಮುಂದೆ ಉಳಿದ ಖಾಲಿ ಜಾಗವನ್ನು ಸ್ಟ್ರಿಪ್ ಮೆಥಡ್ಡಿನಿಂದ ತೆಗೆಯಿರಿ, ಆಮೇಲೆ ಈಕ್ವಲ್ಸ್ ಕೇಳಿ.